ರಂಗಮಂದಿರಕ್ಕೊಂದು ತಂಡ

ರಾಷ್ಟ್ರೀಯ ರಂಗಮಂದಿರ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಒಂದು ದೊಡ್ಡ ಕಟ್ಟಡ. ರಾಜಧಾನಿಯ ವಿಶಾಲವಾದ ರಸ್ತೆ, ಕಲ್ಲಿನ ಮೆಟ್ಟಿಲುಗಳು, ಸಾವಿರಾರು ಕುರ್ಚಿಗಳು, ಉದ್ಘಾಟನೆಯ ಫಲಕ. ಕಲಬುರಗಿಯಲ್ಲಿ ಬೆಳೆದು, ಇಲ್ಲಿಯೇ ನಾಟಕ ನೋಡುತ್ತ, ಹವ್ಯಾಸಿ ತಂಡಗಳ ಜೊತೆ ಆಗಾಗ ನೇಪಥ್ಯದ ಕೆಲಸವನ್ನೂ ಮಾಡುತ್ತ ಬಂದಿರುವ ನನಗೆ, ನಮ್ಮ ರಂಗಭೂಮಿಯ ಬಹಳಷ್ಟು ತೊಂದರೆಗಳು ಈ ಚಿತ್ರದಿಂದಲೇ ಹುಟ್ಟಿವೆ ಎನ್ನಿಸುತ್ತದೆ. ಕಟ್ಟಡವನ್ನು ಒಮ್ಮೆ ಕಟ್ಟಿ ಮುಗಿಸಬಹುದು. ನಾಟಕವನ್ನು ದಿನದಿನವೂ ಕಟ್ಟಬೇಕಾಗುತ್ತದೆ, ಅದಕ್ಕೆ ತಿಂಗಳ ಸಂಬಳ ಪಡೆದು ದಿನವೂ ತಾಲೀಮು ಮಾಡುವ ಒಂದು ತಂಡ ಬೇಕಾಗುತ್ತದೆ. ತಂಡವಿಲ್ಲದ ರಂಗಮಂದಿರವನ್ನು ರಾಷ್ಟ್ರೀಯ ಎಂದು ಕರೆದರೂ, ಜಿಲ್ಲಾ ಎಂದು ಕರೆದರೂ, ಅದು ಬಾಡಿಗೆಗೆ ಸಿಗುವ ಸಭಾಂಗಣವಾಗಿಯೇ ಉಳಿಯುತ್ತದೆ.

ಈ ಮಾತಿಗೆ ದೊಡ್ಡ ದೇಶಗಳ ಇತಿಹಾಸವೂ ಸಾಕ್ಷಿ ಹೇಳುತ್ತದೆ. ಲಂಡನ್ನಿನಲ್ಲಿ ರಾಷ್ಟ್ರೀಯ ರಂಗಮಂದಿರ ಬೇಕೆಂಬ ಬೇಡಿಕೆ 1848ರಷ್ಟು ಹಿಂದೆಯೇ ಲಿಖಿತವಾಗಿ ಬಂದಿತ್ತು. ಅದಕ್ಕಾಗಿ ಸಂಸತ್ತು ಕಾಯ್ದೆ ಮಾಡಿದ್ದು 1949ರಲ್ಲಿ, ಅಡಿಗಲ್ಲು ಬಿದ್ದದ್ದು 1951ರಲ್ಲಿ. ಆದರೆ ನ್ಯಾಷನಲ್ ಥಿಯೇಟರ್ ನಿಜಕ್ಕೂ ಆರಂಭವಾದದ್ದು 1963ರಲ್ಲಿ, ಲಾರೆನ್ಸ್ ಒಲಿವಿಯರ್ ಅವರ ನೇತೃತ್ವದಲ್ಲಿ ಒಂದು ತಂಡ ಓಲ್ಡ್ ವಿಕ್ ಎಂಬ ಹಳೆಯ ರಂಗಮಂದಿರದಲ್ಲಿ ಪ್ರಯೋಗಗಳನ್ನು ಕೊಡತೊಡಗಿದಾಗ. ಥೇಮ್ಸ್ ನದಿಯ ದಂಡೆಯ ಸ್ವಂತ ಕಟ್ಟಡ ಬಾಗಿಲು ತೆರೆದದ್ದು 1976ರಲ್ಲಿ. ನಡುವಿನ 13 ವರ್ಷ ತಂಡವಿತ್ತು, ನಾಟಕಗಳಿದ್ದವು, ಪ್ರೇಕ್ಷಕರಿದ್ದರು, ಸ್ವಂತ ಮನೆ ಮಾತ್ರ ಇರಲಿಲ್ಲ. ಆ ಕಟ್ಟಡದಲ್ಲಿಯೂ ಒಂದೇ ದೊಡ್ಡ ಸಭಾಂಗಣವನ್ನು ಕಟ್ಟದೆ, ಬೇರೆ ಬೇರೆ ಅಳತೆಯ ಮೂರು ರಂಗಗಳನ್ನು ಮಾಡಿದರು. ಎಲ್ಲ ನಾಟಕಗಳಿಗೂ ಒಂದೇ ಬಗೆಯ ರಂಗ ಹೊಂದುವುದಿಲ್ಲ ಎಂಬುದು ಅಷ್ಟು ವರ್ಷಗಳ ಕೆಲಸದಿಂದ ಅವರಿಗೆ ತಿಳಿದಿತ್ತು. 2006ರಲ್ಲಿ ಕೆಲಸ ಆರಂಭಿಸಿದ ಸ್ಕಾಟ್ಲೆಂಡಿನ ರಾಷ್ಟ್ರೀಯ ರಂಗಭೂಮಿ ಇನ್ನೂ ಮುಂದೆ ಹೋಗಿ, ರಂಗಮಂದಿರವೇ ಬೇಡವೆಂದು ತೀರ್ಮಾನಿಸಿತು. ಅದರ ಮೊದಲ ಪ್ರಯೋಗ ಒಂದೇ ಹೆಸರಿನಲ್ಲಿ ನಾಡಿನ 10 ಬೇರೆ ಬೇರೆ ಸ್ಥಳಗಳಲ್ಲಿ ನಡೆಯಿತು.

ನಮ್ಮ ದೇಶದಲ್ಲಿ ಆದದ್ದು ಬೇರೆ. ಸಂಗೀತ ನಾಟಕ ಅಕಾಡೆಮಿ 1953ರಲ್ಲಿ ಕೆಲಸ ಆರಂಭಿಸಿತು, 1959ರಲ್ಲಿ ರಾಷ್ಟ್ರೀಯ ನಾಟಕ ಶಾಲೆ ಹುಟ್ಟಿತು, ಅದರ ರೆಪರ್ಟರಿ, ಅಂದರೆ ಸಂಬಳ ಪಡೆದು ನಾಟಕ ಆಡುವ ನಟರ ತಂಡ, 1964ರಲ್ಲಿ ಬಂತು. ಇದೇ ಹೊತ್ತಿಗೆ, 1961ರಲ್ಲಿ ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆಪದಲ್ಲಿ, ರಾಜ್ಯಗಳ ರಾಜಧಾನಿಗಳಲ್ಲಿ ರವೀಂದ್ರರ ಹೆಸರಿನ ರಂಗಮಂದಿರಗಳು ಎದ್ದವು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರವೂ ಹಾಗೆ 1963ರಲ್ಲಿ ಬಂದದ್ದು. ಆ ಕಾಲದ ಉತ್ಸಾಹ ದೊಡ್ಡದು, ಅದರ ಋಣ ನಮ್ಮ ಮೇಲಿದೆ. ಆದರೆ ಶಾಲೆ ಒಂದು ಕಡೆ, ಅಕಾಡೆಮಿ ಒಂದು ಕಡೆ, ರಂಗಮಂದಿರಗಳು ಮತ್ತೊಂದು ಕಡೆ ಬೆಳೆದವು. ನಟರನ್ನು ತಯಾರು ಮಾಡುವ ಸಂಸ್ಥೆಗೂ, ನಾಟಕ ನಡೆಯಬೇಕಾದ ಜಾಗಗಳಿಗೂ, ನೋಡಬೇಕಾದ ಜನರಿಗೂ ನಡುವೆ ದಾರಿ ಹಾಕುವ ಕೆಲಸ ಆಗಲಿಲ್ಲ. ಆಮೇಲೆ ಜಿಲ್ಲೆಜಿಲ್ಲೆಗಳಲ್ಲಿ ಕಟ್ಟಿದ ರಂಗಮಂದಿರಗಳು ಇದೇ ಮಾದರಿಯನ್ನು ಅನುಸರಿಸಿದವು: ಮೊದಲು ಕಟ್ಟಡ, ಆಮೇಲೆ ಏನಾದರೂ ಆಗಲಿ.

ಇಬ್ರಾಹಿಂ ಅಲ್ಕಾಜಿ ನಾಟಕ ಶಾಲೆಯ ನಿರ್ದೇಶಕರಾಗಿದ್ದ ಕಾಲವನ್ನು ನಾನು ಇಲ್ಲಿ ಬೇರೆಯಾಗಿಯೇ ನೆನೆಯಬೇಕು. ಅವರು 1962ರಿಂದ 1977ರವರೆಗೆ ಆ ಹೊಣೆ ಹೊತ್ತಿದ್ದರು. ಒಳ್ಳೆಯ ರಂಗಮಂದಿರ ಇಲ್ಲವೆಂದು ಕೈಕಟ್ಟಿ ಕೂರದೆ, ದೆಹಲಿಯ ಫಿರೋಜ್ ಶಾ ಕೋಟ್ಲಾದ ಅವಶೇಷಗಳ ನಡುವೆ 1963ರಲ್ಲಿ ಮಹಾಭಾರತ ಯುದ್ಧದ ಕೊನೆಯ ದಿನದ ಕಥೆಯುಳ್ಳ ಹಿಂದಿ ನಾಟಕವನ್ನು ಆಡಿಸಿದರು. ಮುಂದಿನ ದಶಕದಲ್ಲಿ ಪುರಾನಾ ಕಿಲಾದ ಗೋಡೆಗಳ ಎದುರು ಗಿರೀಶ ಕಾರ್ನಾಡರ ‘ತುಘಲಕ್’ ನಡೆಯಿತು. ಕನ್ನಡದಲ್ಲಿ 1964ರಲ್ಲಿ ಬಂದ ಈ ನಾಟಕವನ್ನು ಬಿ.ವಿ. ಕಾರಂತರು ಹಿಂದುಸ್ತಾನಿಗೆ ತಂದಿದ್ದರು. ಇಡೀ ದೇಶ ಅದನ್ನು ಕುರಿತು ಮಾತಾಡಿತು.

ಆ ನಾಟಕದ ಕಥೆ ನಮ್ಮ ಊರಿನ ಕಥೆಯ ಹಿಂದಿನ ಅಧ್ಯಾಯವೇ ಆಗಿದೆ ಎಂಬುದನ್ನು ಕಲಬುರಗಿಯವರಿಗೆ ಹೇಳಬೇಕಾಗಿಲ್ಲ. ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಖ್ಖನಿನ ಅಮೀರರು ಬಂಡೆದ್ದದ್ದರಿಂದ 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, ಕಲಬುರಗಿ ಅದರ ರಾಜಧಾನಿಯಾಯಿತು. ಆ ಕೋಟೆ ಇಂದಿಗೂ ಊರಿನ ನಡುವೆಯೇ ಇದೆ. ಅದರೊಳಗೆ ನಡುಅಂಗಳವನ್ನೂ ಗುಮ್ಮಟಗಳಿಂದಲೇ ಮುಚ್ಚಿದ 1367ರ ಜಾಮಿ ಮಸೀದಿ ಇದೆ. ಹೀಗೆಯೇ, ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ನಡೆದ ಶರಣರ ಕ್ರಾಂತಿಯನ್ನು ಕುರಿತ ಕಾರ್ನಾಡರ ‘ತಲೆದಂಡ’ವನ್ನು ಅಲ್ಕಾಜಿಯವರು 1992ರಲ್ಲಿ ನಾಟಕ ಶಾಲೆಯ ರೆಪರ್ಟರಿಗಾಗಿ ‘ರಕ್ತ ಕಲ್ಯಾಣ’ ಎಂಬ ಹೆಸರಿನಲ್ಲಿ ಹಿಂದಿಯಲ್ಲಿ ಆಡಿಸಿದರು. ನಮ್ಮ ಎರಡು ದೊಡ್ಡ ಕಥೆಗಳು ಹೀಗೆ ದೆಹಲಿಯ ರಂಗದ ಮೇಲೆ ರಾಷ್ಟ್ರದ ಕಥೆಗಳಾದವು. ಅದರಲ್ಲಿ ನನಗೆ ಹೆಮ್ಮೆಯಿದೆ. ಆದರೆ ರಾಷ್ಟ್ರೀಯ ರಂಗಸಂಸ್ಥೆಯೊಂದರ ಕೆಲಸ ಅಲ್ಲಿಗೆ ಅರ್ಧ ಮಾತ್ರ ಮುಗಿದಂತೆ. ಆ ನಾಟಕಗಳು ಯಾವ ಮಣ್ಣಿನಿಂದ ಎದ್ದವೋ ಆ ಮಣ್ಣಿನ ಜನರ ಎದುರಿಗೆ, ಅಷ್ಟೇ ಸಿದ್ಧತೆಯಿಂದ, ಅಷ್ಟೇ ಒಳ್ಳೆಯ ನಟರಿಂದ, ಅವರದೇ ಭಾಷೆಯಲ್ಲಿ ಬರುವುದು ಉಳಿದರ್ಧ. ಕಲಬುರಗಿಯ ಕೋಟೆಯ ಹೊರಗೋಡೆಯ ಎದುರು, ಸ್ಮಾರಕಕ್ಕೆ ಯಾವ ಧಕ್ಕೆಯೂ ಆಗದ ಹಾಗೆ, ಪುರಾತತ್ವ ಇಲಾಖೆಯ ಅನುಮತಿ ಪಡೆದು ‘ತುಘಲಕ್’ ಆಡಬೇಕೆಂಬ ಆಸೆ ನನ್ನ ಪರಿಚಯದ ರಂಗಾಸಕ್ತರಲ್ಲಿ ಹಲವರಿಗೆ ಇದೆ. ಅದನ್ನು ಕೈಗೆತ್ತಿಕೊಳ್ಳುವ ಶಕ್ತಿ ಒಂದು ಹವ್ಯಾಸಿ ತಂಡಕ್ಕೆ ಇರುವುದಿಲ್ಲ.

ಇನ್ನು ನಮ್ಮಲ್ಲಿರುವ ರಂಗಮಂದಿರಗಳ ಮಾತು. ಕಲಬುರಗಿಯಲ್ಲಿ ಈ ನೆಲದ ದೊಡ್ಡ ಚಿತ್ರಕಲಾವಿದ ಡಾ. ಎಸ್.ಎಂ. ಪಂಡಿತರ ಹೆಸರಿನ ರಂಗಮಂದಿರವಿದೆ, ಬೀದರದಲ್ಲಿ ಡಾ. ಚನ್ನಬಸವ ಪಟ್ಟದ್ದೇವರ ಹೆಸರಿನ ರಂಗಮಂದಿರವಿದೆ. ಎರಡೂ ಯೋಗ್ಯವಾದ ಹೆಸರುಗಳು. ನಾನು ಇಲ್ಲಿ ಹೇಳುವುದು ಯಾವುದೇ ಒಂದು ಕಟ್ಟಡದ ದೂರನ್ನಲ್ಲ, ರಾಜ್ಯದ ಹಲವು ಜಿಲ್ಲೆಗಳಲ್ಲಿ ಕಂಡುಬರುವ ಸ್ಥಿತಿಯನ್ನು. ಜಿಲ್ಲಾ ಕೇಂದ್ರದ ರಂಗಮಂದಿರವನ್ನು ಯೋಜಿಸುವಾಗ ಭಾಷಣ ಮತ್ತು ಸನ್ಮಾನ ಮನಸ್ಸಿನಲ್ಲಿರುತ್ತವೆ. ಆದ್ದರಿಂದ ವೇದಿಕೆ ಅಗಲವಾಗಿರುತ್ತದೆ, ಆಳವಾಗಿರುವುದಿಲ್ಲ. ಎರಡೂ ಬದಿಯ ವಿಂಗುಗಳಲ್ಲಿ ನಟ ನಿಂತು ತನ್ನ ಪ್ರವೇಶಕ್ಕೆ ಕಾಯಲು ಜಾಗವಿರುವುದಿಲ್ಲ. ದೀಪಗಳನ್ನು ತೂಗಹಾಕಲು ಬೇಕಾದ ಕಬ್ಬಿಣದ ಪೈಪುಗಳು ಪ್ರೇಕ್ಷಕರ ತಲೆಯ ಮೇಲೆ, ವೇದಿಕೆಯಿಂದ ಸಾಕಷ್ಟು ಮುಂದೆ ಇರಬೇಕು. ಅವು ಇಲ್ಲದೆ ಹೋದರೆ ನಟನ ಮುಖಕ್ಕೆ ಬೆಳಕು ಸರಿಯಾದ ಕೋನದಲ್ಲಿ ಬೀಳುವುದೇ ಇಲ್ಲ. ದೀಪಗಳ ಬೆಳಕನ್ನು ಏರಿಳಿಸುವ ಡಿಮ್ಮರು ಇದ್ದರೆ ಅದನ್ನು ನಡೆಸಲು ಬಲ್ಲವರಿರುವುದಿಲ್ಲ, ಬಲ್ಲವರು ಬಂದರೆ ಡಿಮ್ಮರು ಕೆಟ್ಟಿರುತ್ತದೆ. ಸಾವಿರ ಜನ ಕೂರುವ ಸಭಾಂಗಣದಲ್ಲಿ ಕೊನೆಯ ಸಾಲಿನವರಿಗೆ ಮೈಕಿಲ್ಲದೆ ಮಾತು ಕೇಳಿಸುವುದಿಲ್ಲ, ಮೈಕು ಇಟ್ಟರೆ ಪಿಸುಮಾತಿಗೂ ಗರ್ಜನೆಗೂ ವ್ಯತ್ಯಾಸ ಉಳಿಯುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಫ್ಯಾನು ಹಾಕದೆ ಕೂರುವಂತಿಲ್ಲ, ಹಾಕಿದರೆ ಅದರ ಸದ್ದು ನಟನ ಮೌನವನ್ನು ನುಂಗಿಬಿಡುತ್ತದೆ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗ ಶಂಕರ 300ರ ಆಸುಪಾಸಿನ ಆಸನಗಳನ್ನು ಮಾತ್ರ ಇಟ್ಟುಕೊಂಡು, ರಂಗಭೂಮಿಗಷ್ಟೇ ಮೀಸಲಾಗಿ ನಡೆಯುತ್ತ ಬಂದಿದೆ. ಸಣ್ಣದಾಗಿರುವುದೇ ಅದರ ಬಲ. ಸಾವಿರ ಕುರ್ಚಿಯ ಒಂದು ಮಂದಿರದ ಬದಲು ಜಿಲ್ಲೆಗೊಂದು 250 ಕುರ್ಚಿಯ ರಂಗವನ್ನು ನಾಟಕ ಬಲ್ಲವರ ಸಲಹೆಯಂತೆ ಕಟ್ಟಿದ್ದರೆ ಇಂದು ಕಲ್ಯಾಣ ಕರ್ನಾಟಕದ ರಂಗಭೂಮಿ ಬೇರೆಯೇ ಇರುತ್ತಿತ್ತು ಎಂದು ನಾನು ದೃಢವಾಗಿ ನಂಬಿದ್ದೇನೆ.

ದಿನಾಂಕದ ಸಮಸ್ಯೆ ಇದಕ್ಕಿಂತ ಕಠಿಣವಾದದ್ದು. ನಾಟಕಕ್ಕೆ ಪ್ರದರ್ಶನದ ಸಂಜೆಯಷ್ಟೇ ಸಾಲದು, ಅದಕ್ಕೂ ಮೊದಲು ಕನಿಷ್ಠ ಒಂದು ಪೂರ್ತಿ ದಿನ ರಂಗ ಕೈಯಲ್ಲಿರಬೇಕು: ರಂಗಸಜ್ಜಿಕೆ ನಿಲ್ಲಿಸಲು, ದೀಪಗಳ ಕೋನ ಹೊಂದಿಸಲು, ನಟರು ಆ ಜಾಗದ ಅಳತೆಯನ್ನು ತಮ್ಮ ಹೆಜ್ಜೆಗಳಿಗೆ ರೂಢಿಸಿಕೊಳ್ಳಲು. ಬಾಡಿಗೆಯನ್ನು ದಿನದ ಲೆಕ್ಕದಲ್ಲಿ ಕಟ್ಟಬೇಕಾದ ತಂಡ ಆ ಒಂದು ದಿನವನ್ನು ಉಳಿಸಲು ನೋಡುತ್ತದೆ, ಪ್ರಯೋಗ ಅರೆಬೆಂದು ಹೊರಬರುತ್ತದೆ. ತಿಂಗಳ ಮೊದಲೇ ಹಣ ಕಟ್ಟಿ ಗೊತ್ತುಮಾಡಿಕೊಂಡ ದಿನವನ್ನು, ತುರ್ತು ಸಭೆಯೊಂದಕ್ಕೆ ಸಭಾಂಗಣ ಬೇಕೆಂದು ಎರಡು ದಿನ ಮೊದಲು ಕಳೆದುಕೊಂಡ ತಂಡವೊಂದರಲ್ಲಿ ನಾನೂ ಇದ್ದೆ. ಹಣ ವಾಪಸು ಬಂತು. ಆದರೆ ಹೊರ ಊರಿನ ನೌಕರಿಯಿಂದ ರಜೆ ಹಾಕಿ ಬಂದಿದ್ದ ನಟರನ್ನು ಮತ್ತೆ ಒಂದೆಡೆ ಸೇರಿಸಲು ಆಗಲಿಲ್ಲ, ಆ ನಾಟಕ ಅಲ್ಲಿಗೆ ನಿಂತಿತು. ರಾಷ್ಟ್ರಮಟ್ಟದ್ದೇ ಇರಲಿ, ಜಿಲ್ಲಾಮಟ್ಟದ್ದೇ ಇರಲಿ, ರಂಗಮಂದಿರವೆಂದು ಹೆಸರು ಪಡೆದ ಜಾಗದಲ್ಲಿ ನಾಟಕಕ್ಕೆ ಕೊಟ್ಟ ದಿನ ಯಾರು ಬಂದರೂ ನಾಟಕದ್ದೇ ಎಂಬ ನಿಯಮ ಇರಬೇಕು, ಅದನ್ನು ಮುರಿಯುವ ಅಧಿಕಾರ ಯಾರಿಗೂ ಇರಬಾರದು.

ಪ್ರೇಕ್ಷಕರ ದಾರಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸಂಜೆ ಏಳಕ್ಕೆ ಶುರುವಾದ ನಾಟಕ ಒಂಬತ್ತೂವರೆಗೆ ಮುಗಿದರೆ, ಚಿತ್ತಾಪುರ, ಆಳಂದ, ಜೇವರ್ಗಿ ಕಡೆಯವರಿಗೆ ಊರು ಸೇರುವ ಚಿಂತೆ ಮಧ್ಯಂತರದಲ್ಲಿಯೇ ಹತ್ತಿಕೊಳ್ಳುತ್ತದೆ. ಹೆಣ್ಣುಮಕ್ಕಳು ಮೊದಲೇ ಎದ್ದು ಹೋಗುತ್ತಾರೆ. ನಟಿಯರಿಗೆ ಬಾಗಿಲು ಮುಚ್ಚಿಕೊಳ್ಳಬಹುದಾದ ಪ್ರತ್ಯೇಕ ಗ್ರೀನ್ ರೂಂ, ನೀರಿರುವ ಶೌಚಾಲಯ, ಪ್ರದರ್ಶನದ ನಂತರ ಮನೆ ಮುಟ್ಟಿಸುವ ವಾಹನ ಇಲ್ಲದೆ ಹೋದರೆ ಎಷ್ಟೇ ಪ್ರತಿಭೆಯಿರುವ ಹುಡುಗಿಯನ್ನೂ ಮನೆಯವರು ಎರಡನೆಯ ನಾಟಕಕ್ಕೆ ಕಳಿಸುವುದಿಲ್ಲ.

ತಂಡದ ವಿಷಯಕ್ಕೆ ಮರಳುತ್ತೇನೆ. ಕರ್ನಾಟಕದಲ್ಲಿ ಈ ಕೊರತೆಯನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಬಿ.ವಿ. ಕಾರಂತರು. ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿ ಬೆಳೆದು, ದೆಹಲಿಯ ನಾಟಕ ಶಾಲೆಯಲ್ಲಿ ಕಲಿತು, ಮುಂದೆ ಅದೇ ಶಾಲೆಯ ನಿರ್ದೇಶಕರಾಗಿ, ಭೋಪಾಲದ ಭಾರತ ಭವನದಲ್ಲಿ ರಂಗಮಂಡಲ ಎಂಬ ನಾಟಕ ತಂಡವನ್ನು ಕಟ್ಟಿದ ಅವರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಆರಂಭಿಸಿದರು. ನಟರಿಗೆ ಸಂಬಳ, ನಿತ್ಯ ತಾಲೀಮು, ಸ್ವಂತ ರಂಗ, ಪ್ರವಾಸ ಎಲ್ಲವೂ ಒಂದೇ ಅಂಗಳದಲ್ಲಿ ಇರಬೇಕೆಂಬ ಅವರ ಕಲ್ಪನೆಯನ್ನು ಸರ್ಕಾರ ಒಪ್ಪಿಕೊಂಡಿತು. ಆಮೇಲೆ ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲಿಯೂ ರಂಗಾಯಣಗಳಾದವು. ನಮ್ಮ ಊರಿಗೆ ರಂಗಾಯಣ ಬಂದದ್ದು ಈ ಭಾಗದ ಯುವಕರಿಗೆ ಎಷ್ಟು ದೊಡ್ಡ ಅವಕಾಶವೆಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಮೈಸೂರಿನ ಮೊದಲ ತಲೆಮಾರಿನ ಕಲಾವಿದರಿಗೆ ಸಿಕ್ಕ ದೀರ್ಘಕಾಲದ ನೆಮ್ಮದಿ ನಂತರದ ರಂಗಾಯಣಗಳ ಕಲಾವಿದರಿಗೆ ಸಿಗಲಿಲ್ಲ. ನಿರ್ದಿಷ್ಟ ಅವಧಿಯ ಒಪ್ಪಂದದ ಮೇಲೆ ಬರುವ ನಟ, ತನ್ನ ದೇಹ ಮತ್ತು ದನಿ ಪಳಗುವ ಹೊತ್ತಿಗೆ ಮುಂದಿನ ಉದ್ಯೋಗದ ಅರ್ಜಿ ತುಂಬತೊಡಗುತ್ತಾನೆ. ನಿರ್ದೇಶಕರ ಅವಧಿಯೂ ಚಿಕ್ಕದು. ಸರ್ಕಾರ ಬದಲಾದಾಗ ಆ ಅವಧಿ ನಡುವೆಯೇ ಮುಗಿದ ಪ್ರಸಂಗಗಳನ್ನು ರಾಜ್ಯ ನೋಡಿದೆ. ಹತ್ತು ವರ್ಷ ಒಟ್ಟಿಗೆ ದುಡಿದ ತಂಡದ ನಾಟಕದಲ್ಲಿ ಒಬ್ಬ ನಟ ಉಸಿರೆಳೆದರೆ ಇನ್ನೊಬ್ಬನಿಗೆ ಗೊತ್ತಾಗುತ್ತದೆ. ಪ್ರತಿ ಮೂರು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವ ತಂಡದಿಂದ ಅದನ್ನು ನಿರೀಕ್ಷಿಸುವುದು ಆ ಕಲಾವಿದರಿಗೆ ಮಾಡುವ ಅನ್ಯಾಯ.

ಸರ್ಕಾರದ ಹೊರಗೆ ಇದೇ ಕೆಲಸವನ್ನು ಮಾಡಿ ತೋರಿಸಿದ್ದು ಹೆಗ್ಗೋಡಿನ ನೀನಾಸಮ್. 1949ರಲ್ಲಿ ಮಲೆನಾಡಿನ ಹಳ್ಳಿಯೊಂದರಲ್ಲಿ ಹುಟ್ಟಿದ ಈ ಸಂಸ್ಥೆ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು, 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಿರುಗಾಟವನ್ನು ಆರಂಭಿಸಿತು. ತಿರುಗಾಟದ ನಾಟಕಗಳು ಕಲಬುರಗಿ, ಬೀದರ, ಯಾದಗಿರಿಗಳ ಕಡೆಗೆ ಬಂದಾಗಲೆಲ್ಲ ನಮ್ಮ ಹವ್ಯಾಸಿ ಕಲಾವಿದರು ಅವುಗಳಿಂದ ಕಲಿತದ್ದು ಬಹಳ. ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹಳ್ಳಿಯೊಂದರ ಕೆಲಸ ಏಷ್ಯಾದ ಮಟ್ಟದಲ್ಲಿ ಗುರುತಾಯಿತು. ಊರಿನ ಗಾತ್ರಕ್ಕೂ ರಂಗಭೂಮಿಯ ಘನತೆಗೂ ಸಂಬಂಧವಿಲ್ಲವೆಂಬುದಕ್ಕೆ ಇನ್ನೊಂದು ಪುರಾವೆ ಬೇಕಾಗಿಲ್ಲ.

ನಮ್ಮ ಭಾಗದಲ್ಲಿ ಪ್ರೇಕ್ಷಕರಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಜಾತ್ರೆಯ ಕಾಲದಲ್ಲಿ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಊರ ಹುಡುಗರು ಸಾಮಾಜಿಕ ನಾಟಕದ ತಾಲೀಮಿನಲ್ಲಿರುತ್ತಾರೆ. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಬಂದು ಹಾಡು ಕಲಿಸುತ್ತಾರೆ, ನಟಿಯರನ್ನು ವೃತ್ತಿ ತಂಡಗಳಿಂದ ಕರೆಸುತ್ತಾರೆ, ಸೀನುಗಳನ್ನು ಬಾಡಿಗೆಗೆ ತರುತ್ತಾರೆ. ನಾಟಕ ರಾತ್ರಿ ಹತ್ತಕ್ಕೆ ಶುರುವಾಗಿ ನಸುಕಿನವರೆಗೆ ನಡೆಯುತ್ತದೆ. ಜನ ಚಾಪೆ ಹಾಸಿಕೊಂಡು, ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಕೊನೆಯ ದೃಶ್ಯದವರೆಗೂ ಕೂರುತ್ತಾರೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ವೃತ್ತಿ ಕಂಪನಿಗಳು ಇಂದಿಗೂ ಡೇರೆ ಹಾಕಿ ಟಿಕೆಟು ಮಾರಿ ನಾಟಕ ನಡೆಸುತ್ತವೆ. ಇಷ್ಟು ನಾಟಕಪ್ರಿಯರಾದ ಜನ ಜಿಲ್ಲಾ ಕೇಂದ್ರದ ರಂಗಮಂದಿರಕ್ಕೆ ಬರುವುದಿಲ್ಲವೆಂದರೆ, ಆ ಮಂದಿರ ಅವರನ್ನು ಕರೆದಿಲ್ಲವೆಂದೇ ಅರ್ಥ. ರಾಷ್ಟ್ರೀಯ ರಂಗಸಂಸ್ಥೆಗಳ ಉತ್ಸವಗಳಲ್ಲಿ ಈ ಹಳ್ಳಿಯ ನಟನಿಗೂ ಪೇಟಿ ಮಾಸ್ತರರಿಗೂ ಜಾಗವಿಲ್ಲ. ಅವರ ನಾಟಕಗಳಲ್ಲಿ ಕೊರತೆಗಳಿವೆ, ಸಂಭಾಷಣೆ ಕೆಲವೊಮ್ಮೆ ಒರಟಾಗಿರುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೂ ಮಾತನ್ನು ಮೈಲಿ ದೂರಕ್ಕೆ ಕೇಳಿಸುವ ಅವರ ಕಂಠಕ್ಕೂ, ಹಾಡನ್ನೂ ಮಾತನ್ನೂ ಎಡೆಬಿಡದೆ ಹೆಣೆಯುವ ಅವರ ರೂಢಿಗೂ ನಾಟಕ ಶಾಲೆಗಳು ಶಿಷ್ಯರಾಗಬೇಕಾದದ್ದಿದೆ.

ಭಾಷೆಯ ಪ್ರಶ್ನೆ ಕಲಬುರಗಿಯಲ್ಲಿ ನಿಂತು ನೋಡಿದರೆ ಬೇರೆಯಾಗಿ ಕಾಣುತ್ತದೆ. ದೆಹಲಿಯ ನಾಟಕ ಶಾಲೆಗೆ ಹೋಗುವ ಕನ್ನಡದ ವಿದ್ಯಾರ್ಥಿ ಮೂರು ವರ್ಷ ಹೆಚ್ಚಾಗಿ ಹಿಂದಿಯಲ್ಲಿ ನಟಿಸಿ ಹಿಂದಿರುಗುತ್ತಾನೆ. ತನ್ನ ನುಡಿಯ ಲಯವನ್ನು ಅವನು ಮತ್ತೆ ಹುಡುಕಿಕೊಳ್ಳಬೇಕು. ಶಾಲೆಯ ಬೆಂಗಳೂರು ಕೇಂದ್ರ ಬಂದ ಮೇಲೆ ದಕ್ಷಿಣದ ಭಾಷೆಗಳಿಗೆ ಒಂದಿಷ್ಟು ಅನುಕೂಲವಾಗಿದೆ. ಆದರೆ ನಮಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ, ಸೊಲ್ಲಾಪುರ ಇನ್ನೂ ಹತ್ತಿರ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಸಂತೆಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ನಾಲ್ಕೂ ಒಟ್ಟಿಗೆ ಕೇಳುತ್ತವೆ. ಸೊಲ್ಲಾಪುರದ ಮರಾಠಿ ತಂಡಗಳು, 1885ರಲ್ಲಿ ಕಡಪ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದ ತೆಲುಗಿನ ಸುರಭಿ ಕುಟುಂಬದ ನಾಟಕಗಳು, ಹೈದರಾಬಾದಿನ ಉರ್ದು ಪ್ರಯೋಗಗಳು ಕಲಬುರಗಿಗೆ ನಿಯಮಿತವಾಗಿ ಬಂದು, ನಮ್ಮ ಕನ್ನಡ ನಾಟಕಗಳು ಆ ಊರುಗಳಿಗೆ ಹೋಗುವಂತಾದರೆ, ರಾಷ್ಟ್ರೀಯ ಎಂಬ ಮಾತಿಗೆ ನಮ್ಮ ಜನ ದಿನವೂ ಬದುಕುವ ಅರ್ಥ ಬರುತ್ತದೆ. ಸುರಭಿಯವರ ರಂಗದ ಮೇಲಿನ ಚಮತ್ಕಾರಗಳನ್ನು ನೋಡಲು ಭಾಷೆ ಅಡ್ಡಬರುವುದಿಲ್ಲ, ದಖನಿಯ ನಗೆ ಬೀದರದಲ್ಲಿ ಯಾರಿಗೂ ಅನುವಾದ ಬೇಡದ ನಗೆ.

ಚಿತ್ರೀಕರಿಸಿದ ನಾಟಕಗಳನ್ನು ಪರದೆಯ ಮೇಲೆ ತೋರಿಸಿದರೆ ಸಾಕು ಎಂಬ ಸಲಹೆಯನ್ನೂ ಕೇಳಿದ್ದೇನೆ. ಲಂಡನ್ನಿನ ನ್ಯಾಷನಲ್ ಥಿಯೇಟರಿನವರು 2009ರಿಂದ ಹಾಗೆ ಚಿತ್ರಮಂದಿರಗಳಿಗೆ ನಾಟಕಗಳನ್ನು ಕಳಿಸುತ್ತಿದ್ದಾರೆ, ಕಲಿಯುವವರಿಗೆ ಅದು ಉಪಯುಕ್ತವೇ. ಆದರೆ ಯಾದಗಿರಿಯ ಹುಡುಗನೊಬ್ಬ ನಟನಾಗುವ ನಿರ್ಧಾರ ಮಾಡುವುದು ತನ್ನೆದುರು ಬೆವರುತ್ತಿರುವ ನಟನನ್ನು ಕಂಡಾಗ.

ಹಣವಿಲ್ಲ ಎಂಬ ಉತ್ತರ ಈ ಭಾಗಕ್ಕೆ ಪೂರ್ತಿ ಹೊಂದುವುದಿಲ್ಲ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ನಮ್ಮ ಪ್ರದೇಶದ ಅಭಿವೃದ್ಧಿಗೆಂದೇ ಮಂಡಳಿಯಿದೆ, ಅದರ ಕಚೇರಿ ಕಲಬುರಗಿಯಲ್ಲಿಯೇ ಇದೆ. ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಮೊದಲ ಪಾಲು ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಸಂಸ್ಕೃತಿಗೆಂದು ಉಳಿಯುವ ಪಾಲಿನಲ್ಲಿ ಮತ್ತೊಂದು ಸಭಾಭವನದ ಅಡಿಗಲ್ಲಿಗೆ ಹೋಗುವ ಮೊತ್ತವನ್ನು ಹತ್ತು ವರ್ಷದ ಸಂಬಳವಾಗಿ ಹಂಚಿದರೆ, ಇಪ್ಪತ್ತು ಕಲಾವಿದರ ಒಂದು ತಂಡವನ್ನು ನೆಮ್ಮದಿಯಾಗಿ ಉಳಿಸಿಕೊಳ್ಳಬಹುದು ಎಂಬುದು ನನ್ನ ಅಂದಾಜು. ಆ ತಂಡದಲ್ಲಿ ಬೆಳಕಿನ ಕೆಲಸ ಬಲ್ಲ ಇಬ್ಬರು, ರಂಗಸಜ್ಜಿಕೆಯ ಬಡಗಿ ಒಬ್ಬರು, ಪೇಟಿ ಮಾಸ್ತರರೊಬ್ಬರು ಕಾಯಂ ನೌಕರರಾಗಿ ಇರಬೇಕು. ಇರುವ ರಂಗಮಂದಿರಗಳಲ್ಲಿ ವಾರಕ್ಕೆ ಎರಡು ದಿನವನ್ನು ನಾಟಕಕ್ಕೆ ಕಾಯ್ದಿರಿಸಿ, ಟಿಕೆಟನ್ನು ಮೂವತ್ತು ರೂಪಾಯಿಗೆ ಇಟ್ಟು, ನಾಟಕ ಮುಗಿದ ಮೇಲೆ ಆಳಂದ ಮತ್ತು ಜೇವರ್ಗಿಯ ಕಡೆಗೆ ಒಂದೊಂದು ಬಸ್ಸು ಬಿಡುವಂತೆ ಸಾರಿಗೆ ಸಂಸ್ಥೆಯನ್ನು ಕೇಳಿಕೊಂಡು, ಉಳಿದ ದಿನ ತಂಡ ಸುರಪುರ, ಹುಮನಾಬಾದ, ಸೇಡಂಗಳ ಶಾಲೆಯ ಅಂಗಳಗಳಲ್ಲಿ ಆಡುವಂತೆ ಮಾಡಲು ಹೊಸ ಕಟ್ಟಡವೊಂದರ ನಕ್ಷೆಯೂ ಬೇಕಾಗುವುದಿಲ್ಲ. ಬರುವ ವರ್ಷದ ಕ್ರಿಯಾಯೋಜನೆ ತಯಾರಾಗುವ ಮೊದಲು ಈ ಭಾಗದ ರಂಗಕರ್ಮಿಗಳು ಒಟ್ಟಾಗಿ ಮಂಡಳಿಯ ಮುಂದೆ ಈ ಬೇಡಿಕೆಯನ್ನು ಲಿಖಿತವಾಗಿ ಇಡಬೇಕು. ಅದರ ಕರಡು ಬರೆಯುವ ಕೆಲಸದಲ್ಲಿ ನಾನೂ ಸೇರಿಕೊಳ್ಳುತ್ತೇನೆ.